ಕೆಸರು ಹಿಂಡಿದ ಬಟ್ಟೆ

ನಾನು ಒಂದು ಸೋಸುಬಟ್ಟೆ. ಗುಜರಾತಿನ ಒಂದು ಗಿರಣಿಯಲ್ಲಿ ನೇಯ್ದು, ಧಾರವಾಡದ ಕಡೆಯ ಒಂದು ಕೊಳಚೆನೀರಿನ ಘಟಕಕ್ಕೆ ನನ್ನನ್ನು ಕಳಿಸಿದರು. ಚರಂಡಿ ನೀರನ್ನು ಶುದ್ಧ ಮಾಡಿದ ಮೇಲೆ ತಳದಲ್ಲಿ ಉಳಿಯುವ ಕೆಸರನ್ನು ನನ್ನೊಳಗೆ ತುಂಬಿ, ಯಂತ್ರದಿಂದ ಒತ್ತುತ್ತಾರೆ. ನೀರನ್ನು ಬಿಡಬೇಕು, ಕೆಸರನ್ನು ಹಿಡಿಯಬೇಕು. ಎಷ್ಟು ಒತ್ತಿದರೂ ನೂರರಲ್ಲಿ ಎಪ್ಪತ್ತಾರು ಪಾಲು ನೀರೇ ಉಳಿಯುತ್ತಿತ್ತು. ಕೊರತೆ ನನ್ನದೇ ಇರಬಹುದೆಂದು ದಿನವೂ ಅನ್ನಿಸುತ್ತಿತ್ತು.

ಆ ನೀರನ್ನು ಬಿಡಿಸಲು ಓದಿದವರು ಬರುತ್ತಲೇ ಇದ್ದರು. ಒಬ್ಬರು ಭತ್ತದ ಹೊಟ್ಟಿನ ಬೂದಿ ಬೆರೆಸಿದರು. ಇನ್ನೊಬ್ಬರು ಕರೆಂಟು ಹಾಯಿಸಿದರು. ನನ್ನ ಒಂದು ಅಂಚು ಕಮರಿತು. ಕೊನೆಗೆ ಬಂದವಳು ತಬಸ್ಸುಮ್, ಕಾಲೇಜಿನ ಸಂಶೋಧಕಿ. ರಾಸಾಯನಿಕದ ಬದಲು ನುಗ್ಗೆಬೀಜದ ಪುಡಿ ಬೆರೆಸಿ ನಾಲ್ಕು ತಿಂಗಳು ಹಿಂಡಿಸಿದಳು. ನೀರಿನ ಪಾಲು ಅರವತ್ತೊಂದಕ್ಕೆ ಇಳಿಯಿತು. ಪ್ರಬಂಧ ಸಿದ್ಧವಾಯಿತು, ಮುಂದಿನ ವಾರ ಒಪ್ಪಿಸಬೇಕಿತ್ತು.

ಯಂತ್ರ ನಡೆಸುವ ಗುರುಶಾಂತಪ್ಪನಿಗೆ ಪೇಡೆ ಕೊಟ್ಟು ಆ ಸುದ್ದಿ ಹೇಳಿದಳು.

"ಚಲೋ ಆತ್ರಿ ಅಕ್ಕಾರ," ಎಂದ ಅವನು. "ಈಗ ಬಸ್ಸಿನ್ಯಾಗೂ ತ್ರಾಸ ಇಲ್ಲಲ್ರಿ? ವಾಸನಿ ಅಂತ ಆ ಕಂಡಕ್ಟರ್ ನಿಮ್ಮನ್ನ ಇಳಿಸಿದ್ನಲ್ಲ, ಆವತ್ತಿಂದ ನೀವು ಚಾಕ್ಕ ಹೋದಾಗ ನಿಮ್ಮ ಡಬ್ಬಿ ಮುಚ್ಚಳ ತಗದು ಬಿಸಿ ಮೋಟರ್ ಮ್ಯಾಲ ಇಡ್ತೀನ್ರಿ. ಸ್ವಲ್ಪ ಆರಿದ್ರ ನಾರೂದಿಲ್ಲ."

ಹಿಂಡಿದ ಕೆಸರನ್ನು ನೀರಿನಂಶ ಅಳೆಯಲು ಕಾಲೇಜಿಗೆ ಒಯ್ಯುವ ಡಬ್ಬಿಗಳು ಅವು.

ತಬಸ್ಸುಮ್ ನನ್ನ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟಳು. "ಎಂದಿನಿಂದ, ಕಾಕಾ?"

"ನುಗ್ಗಿ ಪುಡಿ ಸುರು ಮಾಡಿದ ವಾರದಿಂದ. ತಪ್ಪಾತೇನ್ರಿ?"

"ತಪ್ಪು ನಂದ. ಮುಟ್ಟಬ್ಯಾಡ್ರಿ ಅಂತ ಹೇಳಬೇಕಿತ್ತು."

ಗೊತ್ತಿದ್ದವರು ಅವರಿಬ್ಬರೇ. ಮೂರನೆಯದಾದ ನನಗೆ ಬಾಯಿಲ್ಲ. ಆದರೂ ಅವಳು ನೋಟುಬುಕ್ಕು ತೆಗೆದು ನಾಲ್ಕು ತಿಂಗಳ ಪುಟಗಳ ಮೇಲೆ ಒಂದೊಂದಾಗಿ ಗೆರೆ ಎಳೆದಳು. ಮರುದಿನದಿಂದ ಮತ್ತೆ ಅದೇ ಪುಡಿ, ಅದೇ ಒತ್ತಡ, ಮುಚ್ಚಿದ ಡಬ್ಬಿ.

"ಬಸ್ಸಿಗೆ ಹೆಂಗ್ರಿ ಅಕ್ಕಾರ?"

"ಇಳಿಸಿದ್ರ ನಡಕೋತ ಹೋಗ್ತೀನಿ."

ಈ ಸಲ ಎಪ್ಪತ್ತೇಳು ಬಂತು. ಪ್ರಬಂಧ ನಿಂತಿತು.

ಸೋತದ್ದು ಬೀಜವೋ, ಅಷ್ಟರಲ್ಲಿ ಎಳೆಎಳೆಗೂ ಕೆಸರು ಕಟ್ಟಿಕೊಂಡಿದ್ದ ನಾನೋ? ಈಗ ಉಗ್ರಾಣದ ಮೂಲೆಯಲ್ಲಿ ಮಡಚಿ ಬಿದ್ದಿರುವಾಗಲೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನನ್ನನ್ನು ಬಿಚ್ಚುವ ಮೊದಲು ಅವಳು ಬರೆದದ್ದನ್ನು ಗುರುಶಾಂತಪ್ಪ ಗಟ್ಟಿಯಾಗಿ ಓದಿದ್ದ: "ಎಪ್ಪತ್ತೇಳು. ಬಟ್ಟೆ ಹಳೆಯದು. ಹೊಸದರಲ್ಲಿ ಮತ್ತೊಮ್ಮೆ ನೋಡಬೇಕು."