ಕಾಲರಕ್ಕ

ಸತ್ತವಳ ಸೆಟೆದ ತೋಳನ್ನು ರವಿಕೆಯೊಳಗೆ ತೂರಿಸುವಾಗ ಕಂಕುಳ ಹೊಲಿಗೆ ಪರ್ರನೆ ಬಿಟ್ಟಿತು.

"ಸೂಜಿ ಇದ್ರೆ ಕೊಡಿ," ಎಂದಳು ಮಗಳು.

ಪಕ್ಕದ ಮನೆಯಾಕೆ ಸೂಜಿ ತಂದುಕೊಟ್ಟಳು. ಸುಮ್ಮನಿರಲಾಗದೆ ಕೇಳಿಯೂಬಿಟ್ಟಳು: "ಅರ್ಧ ಆಯಸ್ಸು ಗಾರ್ಮೆಂಟ್ಸಲ್ಲೇ ಸವೆಸಿದೋಳು. ಫ್ಯಾಕ್ಟರಿ ಮುಚ್ಚಿದ್ಮೇಲೆ ಮನೇಲೇ ಒಂದು ಮಿಷಿನ್ ಹಾಕ್ಕೊಳ್ಳೋದಲ್ವಾ? ಕಂಡೋರ ಮೆಟ್ಟಿಲು ಒರೆಸೋಕೆ ಹೋಗಿ, ಅಲ್ಲೇ ಕುಸಿದು ಪ್ರಾಣ ಬಿಟ್ಲಲ್ಲ."

ಕಾರ್ಖಾನೆಯ ದಿನಗಳಲ್ಲಿ ಅವಳ ಪಕ್ಕವೇ ಕೂತು ಗುಂಡಿ ಹಾಕುತ್ತಿದ್ದ ಗೆಳತಿ ತಲೆ ಎತ್ತಿದಳು. "ಅವಳಿಗೆ ಅಂಗಿ ಹೊಲಿಯೋಕೆ ಬರ್ತಿರ್ಲಿಲ್ಲ ಕಣಕ್ಕಾ. ಕಾಲರ್ ಮಾತ್ರ ಬರ್ತಿತ್ತು. ನಂಗೆ ಗುಂಡಿ ಮಾತ್ರ."

*

ಮಗಳು ಹುಟ್ಟಿದ ವರ್ಷ ತಾಯಿ ಸೂಪರ್‌ವೈಸರ್ ಮುಂದೆ ನಿಂತಿದ್ದಳು. "ಸಾರ್, ತೋಳು ಕೂರಿಸೋದು, ಜೇಬು ಹಾಕೋದು ಕಲೀತೀನಿ. ಮುಂದೆ ಒಂದು ಅಂಗಡಿ ಇಡೋ ಆಸೆ."

"ಕಾಲರಿಗೆ ನಿನ್ ಕೈ ಕುದುರೆ ಥರ ಓಡುತ್ತೆ. ನಿನ್ನ ಬೇರೆ ಕಡೆ ಕೂರಿಸಿ ನಾನು ಟಾರ್ಗೆಟ್ ಎಲ್ಲಿಂದ ತರ್ಲಿ, ಕಾಲರಕ್ಕಾ?"

ಸಾಲು ಮಿಷಿನ್‌ಗಳ ಮುಂದೆ ಕೂತಿದ್ದ ಲೈನಿನವರೆಲ್ಲ ನಕ್ಕರು. ಹೆಸರು ಅಂಟಿಕೊಂಡಿತು.

ಎಷ್ಟೋ ವರ್ಷಗಳ ಮೇಲೆ, ಸರ್ಕಾರದ ತೆರಿಗೆ ರಿಯಾಯಿತಿ ಮುಗಿದ ವರ್ಷವೇ ಮಾಲೀಕರು ಮಿಷಿನ್‌ಗಳನ್ನು ಲಾರಿಗೆ ಹೇರಿ, ಹೊಸ ರಿಯಾಯಿತಿಯೂ ಅಗ್ಗದ ಕೈಗಳೂ ಸಿಗುವ ಇನ್ನೊಂದು ಊರಿಗೆ ಹೊರಟುಹೋದರು. ಕಾಲರಕ್ಕ ದರ್ಜಿಯೊಬ್ಬನ ಬಳಿ ಕೆಲಸ ಕೇಳಿದಳು. ಆತ ಕತ್ತರಿಸಿದ ಬಟ್ಟೆ ಕೊಟ್ಟು, "ಒಂದು ಅಂಗಿ ಹೊಲಿದು ತೋರ್ಸಮ್ಮ," ಎಂದ. ಅವಳು ಕಾಲರ್ ಮುಗಿಸಿದಳು. ಗೆರೆ ಕೊರೆದಂತಿತ್ತು. ಆಮೇಲೆ ಉಳಿದ ತುಂಡುಗಳನ್ನು ತೊಡೆಯ ಮೇಲೆ ಹರಡಿಕೊಂಡು ಕೂತೇ ಇದ್ದಳು.

ಅಂದು ಮನೆಗೆ ಬಂದು ಮಗಳಿಗೆ ಹೇಳಿದಳು: "ನೀನು ಮಾತ್ರ ಮಿಷಿನ್ ಮುಟ್ಬೇಡ."

ಮೆಟ್ಟಿಲು ಒರೆಸಿದ ಕೂಲಿಯಲ್ಲಿ ಕಾಲೇಜು ಸಾಗಲಿಲ್ಲ. ಮಗಳೂ ಒಂದು ಗಾರ್ಮೆಂಟ್ಸ್ ಸೇರಿದಳು. ಅವಳಿಗೆ ಸಿಕ್ಕಿದ್ದು ಜೇಬು.

*

ಮಣ್ಣು ಮಾಡಿ ಬರುವ ದಾರಿಯಲ್ಲೇ ಮಗಳ ಫೋನ್ ಬಡಿದುಕೊಂಡಿತು.

"ಎಲ್ಲಾ ಮುಗೀತೇನಮ್ಮಾ?" ಅವಳ ಸೂಪರ್‌ವೈಸರ್ ದನಿಯಲ್ಲಿ ಮರುಕವೂ ಇತ್ತು. "ಜೇಬಿಗೆ ಜನ ಇಲ್ಲ, ಲೈನೇ ನಿಂತಿದೆ. ಮಧ್ಯಾಹ್ನಕ್ಕಾದ್ರೂ ಬಾ."

ಜೊತೆಗೆ ಬರುತ್ತಿದ್ದ, ಗುಂಡಿ ಹಾಕುವ ಗೆಳತಿ ಸಿಡುಕಿದಳು. "ಹೆತ್ತೋಳು ಹೋದ ದಿನಾನೂ ಬಿಡಲ್ವಂತಾ? ಹೋಗ್ಬೇಡ, ಸುಮ್ನಿರು."

"ಗೇಟ್ ಹತ್ರ ದಿನಾ ಹೊಸಬ್ರು ಕಾಯ್ತಿರ್ತಾರೆ ಅತ್ತೆ. ಇವತ್ತು ಹೋಗ್ದಿದ್ರೆ ನಾಳೆ ಆ ಜಾಗ ನಂದಲ್ಲ." ಸ್ವಲ್ಪ ದೂರ ನಡೆದ ಮೇಲೆ ಅಂದಳು: "ತೋಳು ಕೂರಿಸೋದು ಕಲಿಸ್ತೀನಿ ಅಂದಿದಾರೆ. ಮುಂದಿನ ತಿಂಗಳು."



ಮಗಳು ಬಟ್ಟೆ ಬದಲಿಸದೆ ಹೋದಳು. ಮಿಷಿನ್ ಮುಂದೆ ಕೂತು, ಚಪ್ಪಲಿ ಬಿಟ್ಟು, ಪೆಡಲ್ ಒತ್ತಿದಳು. ಕಾಲಿನ ಹಸಿ ಮಣ್ಣು ಪೆಡಲಿನ ಗೀರುಗಳಿಗೆ ಮೆತ್ತಿಕೊಂಡಿತು. ಪಕ್ಕದಿಂದ ಜೇಬಿಲ್ಲದ ಅಂಗಿಗಳು ಒಂದರ ಮೇಲೊಂದು ಬಂದು ಬೀಳತೊಡಗಿದವು.