ಬೈರಮ್ಮನ ಬಸ್ಸಾರಿನ ಹದಿನೇಳನೆಯ ಗುಡ್ಡ

1

ಡಬ್ಬಿಯ ಮುಚ್ಚಳ ಹಾರಿತು. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಬಸ್ಸಿನ ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ್ದ. ಧರ್ಮೇಂದ್ರನ ತೊಡೆಯ ಮೇಲಿದ್ದ ಹುರುಳಿಕಾಳಿನ ಬಸ್ಸಾರು ಪಕ್ಕದವನ ಬಿಳಿ ಪಂಚೆಗೆ ಚೆಲ್ಲಿತು.

"ಏನ್ಲಾ ಇದು! ಮದ್ವೆಗೆ ಒಂಟಿವ್ನಿ ನಾನು!"

"ಸಾರು ಕಣಣ್ಣ. ಲ್ಯಾಬಿಗೆ ತಗೊಂಡೋಯ್ತಾ ಇವ್ನಿ."

"ಸಾರು ಲ್ಯಾಬಿಗ್ಯಾಕ್ಲಾ? ಏನ್ ಕಾಯ್ಲೆ ಅದುಕ್ಕೆ?"

(ಹೀಗೆ ಶುರು ಮಾಡುವುದೇ? ನನಗೂ ಸಂದೇಹವಿದೆ. ಮೊದಲ ಡ್ರಾಫ್ಟಿನಲ್ಲಿ ಮಂಜು, ರೈಲು ಮತ್ತು ಒಬ್ಬ ಒಂಟಿ ಮನುಷ್ಯ ಇದ್ದರು. ಅನುವಾದದ ಕಾದಂಬರಿಗಳನ್ನು ಸಾಲಾಗಿ ಓದಿದರೆ ಹೀಗಾಗುತ್ತದೆ, ಪಾಂಡವಪುರದಲ್ಲೂ ಹಿಮ ಬೀಳತೊಡಗುತ್ತದೆ. ಹರಿದುಹಾಕಿದೆ. ಸಾರೇ ಇರಲಿ.)

2

ಓದುಗರೇ, ಆ ಸಾರಿನ ಕಾಯಿಲೆಯ ಹೆಸರು ಮದ್ದು.

ಇದು 1996. ಬೂಕನಕೆರೆಯಿಂದಾಚೆ ಒಂದು ಊರು. ಬೈರಮ್ಮ ಅಲ್ಲಿಯವಳು, ಧರ್ಮೇಂದ್ರನ ತಾಯಿಯ ಅಕ್ಕ. ಆರು ವರ್ಷದ ಹಿಂದೆ ಚಲುವಯ್ಯ ಎಂಬಾತ ಅವಳ ಮನೆಯಲ್ಲಿ ಉಂಡುಹೋಗಿ ಮೂರು ತಿಂಗಳು ಕೆಮ್ಮಿದ. ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾಗಮಂಗಲದ ಕಡೆ ಮದ್ದು ತೆಗೆಯುವವನೊಬ್ಬನಿದ್ದ. ಅವನು ಯಾವುದೋ ಸೊಪ್ಪಿನ ರಸ ಕುಡಿಸಿ, ವಾಂತಿ ಮಾಡಿಸಿ, ಅದರಲ್ಲಿ ಕಪ್ಪಗೆ ಒಂದು ಉಂಡೆ ತೋರಿಸಿ, "ಯಾರ ಮನೇಲಿ ಉಂಡಿದ್ದೆ?" ಎಂದು ಕೇಳಿದ. ಬೈರಮ್ಮನದು ಅಂದಿನಿಂದ ಮದ್ದಿನ ಮನೆ.

(ಪೇಟೆಯ ಓದುಗರಿಗೆ: ಮದ್ದೆಂದರೆ ಊಟದಲ್ಲಿ ಕದ್ದು ಬೆರೆಸುವ ವಿಷ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಬೆರೆಸಿದ್ದನ್ನು ಯಾರೂ ಕಂಡಿಲ್ಲ. ಇಷ್ಟು ಬಿಟ್ಟರೆ ಸಾಕ್ಷ್ಯ ಪಕ್ಕಾ ಇದೆ.)

ಊರಿನವರು ಅವಳನ್ನು ದೂರ ಇಟ್ಟಿಲ್ಲ. ಛೆ, ಅಂಥ ಜನ ಅಲ್ಲ. ನಾಟಿಗೆ ಕರೆಯುತ್ತಾರೆ. ಅವಳು ಹೋಗುತ್ತಾಳೆ, ಅವರ ಗದ್ದೆಯ ಬದುವಿನ ಮೇಲೆ ಕೂತು ಅವರ ಮುದ್ದೆ ಉಣ್ಣುತ್ತಾಳೆ. ಆ ಕಡೆ ಇದು ಮುಯ್ಯಾಳು: ನಿನ್ನ ಗದ್ದೆಗೆ ನಾನು, ನನ್ನ ಗದ್ದೆಗೆ ನೀನು, ಮಧ್ಯಾಹ್ನದ ಊಟ ಗದ್ದೆಯವರದು. ಆ ಊಟಕ್ಕೆ ಹೆದರಿ ಅವಳ ಗದ್ದೆಗೆ ಮಾತ್ರ ಯಾರೂ ಬರುವುದಿಲ್ಲ. ಐದು ವರ್ಷ ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟಿದ್ದಳು. ಈ ವರ್ಷ ಹಟ ಹಿಡಿದು ತಾನೇ ಒಟ್ಲು ಬಿಟ್ಟು ಸಸಿ ಬೆಳೆಸಿದ್ದಾಳೆ. ನಾಲೆಗೆ ನೀರು ಬಂದಿದೆ. ಒಟ್ಲಿನ ಪೈರಿಗೆ ಇಪ್ಪತ್ತೈದು ದಿನ. ಇನ್ನು ಹತ್ತು ದಿನದಲ್ಲಿ ನಾಟಿಯಾಗದಿದ್ದರೆ ಗೆಣ್ಣು ಬಿಟ್ಟು ದನಕ್ಕೆ ಮೇವಾಗುತ್ತದೆ.

3

ಧರ್ಮೇಂದ್ರ ಮೈಸೂರಿನ ಒಂದು ಆಹಾರ ಪ್ರಯೋಗಾಲಯದಲ್ಲಿ ಸಹಾಯಕ. ಸಾರಿನಲ್ಲಿ ವಿಷವಿಲ್ಲವೆಂದು ಕಾಗದದಲ್ಲಿ ತೋರಿಸಿದರೆ ದೊಡ್ಡವ್ವನ ಗದ್ದೆಗೆ ಆಳು ಬಂದಾರು ಎಂದು ಅವನ ಲೆಕ್ಕ. ಅಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವಿದೆ. ಆಹಾರದಲ್ಲಿ ಏನು ಬೆರೆತಿದೆ ಎಂದು ನಮಗೆ ಅಂದಾಜೇ ಇಲ್ಲದಿದ್ದರೂ ಅದು ಹುಡುಕುತ್ತದೆ. ಒಂದೊಂದು ವಸ್ತುವನ್ನೂ ಬೇರ್ಪಡಿಸಿ ಕಾಗದದ ಮೇಲೆ ಒಂದೊಂದು ಗುಡ್ಡ ಬರೆಯುತ್ತದೆ. ಆಮೇಲೆ ಆ ವಸ್ತುವನ್ನು ಚೂರು ಮಾಡಿ, ಚೂರುಗಳನ್ನು ತೂಗಿ, ಕಂಪ್ಯೂಟರಿನಲ್ಲಿರುವ ಅರವತ್ತು ಸಾವಿರ ಹೆಸರುಗಳ ಪಟ್ಟಿಯೊಂದಿಗೆ ಹೋಲಿಸಿ ನೋಡುತ್ತದೆ. (ವಿಮರ್ಶಕರು ಕಥೆಗೆ ಮಾಡುವುದೂ ಇದನ್ನೇ. ಅವರ ಪಟ್ಟಿಯಲ್ಲಿ ಆರು ಹೆಸರಿವೆ.)

ಡಬ್ಬಿಯಲ್ಲಿ ಉಳಿದಿದ್ದ ಸಾರು ಸಾಕಾಯಿತು. ಹದಿನೇಳು ಗುಡ್ಡ ಎದ್ದವು. ಹದಿನಾರಕ್ಕೆ ಹೆಸರು ಸಿಕ್ಕಿತು: ಬೆಳ್ಳುಳ್ಳಿಯದು, ಜೀರಿಗೆಯದು, ಕೊತ್ತಂಬರಿಯದು. ಹದಿನೇಳನೆಯದಕ್ಕೆ ಸಿಗಲಿಲ್ಲ. ಧರ್ಮೇಂದ್ರ ರಿಪೋರ್ಟಿನಲ್ಲಿ ಬರೆದ: "ತಿಳಿದಿರುವ ಯಾವ ವಿಷವೂ ಕಂಡುಬಂದಿಲ್ಲ. ಗುರುತು ಸಿಗದ್ದು: ಒಂದು."

"ಆ ಕೊನೇ ಸಾಲು ಹೊಡೆದುಹಾಕಯ್ಯ," ಎಂದೆ ನಾನು.

"ಆಗಾಕಿಲ್ಲ ಸಾರ್. ಎಲ್ಲರ ಸಾರಲ್ಲೂ ಇಂಥವು ಇರ್ತವೆ. ಪಟ್ಟೀಲಿ ಇಲ್ಲ ಅಂದ್ರೆ ವಿಷ ಅಂತಲ್ಲ."

"ಅದು ನಿನಗೆ ಗೊತ್ತು. ಊರಿಗೆ ಗೊತ್ತಾ? ಕಥೆ ನನ್ನದು, ಹೊಡಿ."

"ಸಾರು ನಮ್ಮ ದೊಡ್ಡವ್ವಂದು ಸಾರ್."

ಹೊಡೆಯಲಿಲ್ಲ. ನನ್ನ ಪಾತ್ರಗಳಿಗೆ ನಾನೇ ಕೊಟ್ಟ ಪ್ರಾಮಾಣಿಕತೆಯಿಂದ ನನಗೆ ಯಾವತ್ತೂ ಲಾಭವಾಗಿಲ್ಲ.

4

ಬೈರಮ್ಮನ ಜಗಲಿ. ನಾಟಿ ಹೆಂಗಸರ ಮುಂದಾಳು ಪುಟ್ಟಲಕ್ಷ್ಮಮ್ಮ ರಿಪೋರ್ಟ್ ಕೇಳಲು ಬಂದಿದ್ದಾಳೆ. ಧರ್ಮೇಂದ್ರ ಓದಿದ.

"ಒಂದು ಗೊತ್ತಾಗ್ನಿಲ್ವಾ?"

"ಇಲ್ಲ ಚಿಕ್ಕವ್ವ."

"ಅಷ್ಟ್ ದೊಡ್ಡ ಮಿಶನ್ಗೂ?"

"ಇಲ್ಲ."

"ಅದೇ ಕಣ್ಲಾ ಮದ್ದು! ನಾವ್ ಬಾಯಲ್ಲಿ ಏಳ್ತಿದ್ದುದ್ನ ಮಿಶನ್ನು ಕಾಗ್ದುದಲ್ಲಿ ಬರ್ಕೊಟ್ಟದೆ."

(ಆರು ವರ್ಷದ ಗಾಳಿಮಾತಿಗೆ ಈಗ ಮೈಸೂರಿನ ಮೊಹರು. ವಿಜ್ಞಾನಕ್ಕೆ ಜಯವಾಗಲಿ.)

"ಅಂಗಾದ್ರೆ ನಿಮ್ಮನೆ ಸಾರೂ ಕೊಡು, ನೋಡ್ತೀನಿ," ಎಂದ ಧರ್ಮೇಂದ್ರ.

"ತಗೊಂಡೋಗ್ಲಾ, ಅದುಕ್ಕೇನು! ಸಾರು ಅಂದ್ರೆ ಏನು ಅಂತ ಮಿಶನ್ಗೂ ಗೊತ್ತಾಗ್ಲಿ."

ಡಬ್ಬಿ ತುಂಬ ಕೊಟ್ಟಳು. ನಾಲ್ಕು ದಿನದ ಮೇಲೆ ರಿಪೋರ್ಟ್ ಬಂತು. ಪುಟ್ಟಲಕ್ಷ್ಮಮ್ಮನ ಸಾರಿನಲ್ಲಿ ಗುರುತು ಸಿಗದ್ದು: ಮೂರು.

ಕಥೆ ಮುಗಿಯಿತು ಎಂದುಕೊಂಡೆ. "ಜಗಲಿಯ ಮೇಲೆ ದೀರ್ಘ ಮೌನ ಹಬ್ಬಿತು" ಎಂಬ ಕೊನೆಯ ವಾಕ್ಯವನ್ನೂ ಬರೆದಿಟ್ಟೆ. ಯಾವ ಮೌನವೂ ಹಬ್ಬಲಿಲ್ಲ.

"ಮೂರಾ?"

"ಮೂರು ಕಣ್ ಚಿಕ್ಕವ್ವ. ದೊಡ್ಡವ್ವಂದು ಒಂದೇಯ."

"ಇರ್ಲಿ ಬುಡು. ನಮ್ಮನೆ ಗೊತ್ತಿರೋ ಮನೆ. ನಮ್ಮನೇಲಿ ಗೊತ್ತಿಲ್ದೆ ಇರೋವು ಮೂರಿದ್ರೂ ಅವು ಗೊತ್ತಿರೋವೇಯ."

ಈ ತರ್ಕಕ್ಕಾಗಿ ಅನುವಾದದಲ್ಲಿ ಸಿಗುವ ತತ್ವಜ್ಞಾನಿಗಳನ್ನೆಲ್ಲ ತಿರುವಿಹಾಕಿದೆ. ಅವರಲ್ಲೂ ಇಲ್ಲ.

4 (ಮತ್ತೆ, ಐದನೆಯದು ಭಾಷಣವಾಯಿತು, ಹರಿದೆ)

"ನೀನ್ ಉಂಡಿದ್ದೀಯೇನಪ್ಪಾ ನಮ್ಮನೇಲಿ?"

ಬೈರಮ್ಮ ನನ್ನನ್ನು ಕೇಳುತ್ತಿದ್ದಾಳೆ. ಪಾತ್ರಗಳು ಹೀಗೆ ತಿರುಗಿ ಕೇಳುವುದನ್ನು ಪುಸ್ತಕದಲ್ಲಿ ಓದುವಾಗ ಖುಷಿಯಾಗುತ್ತಿತ್ತು.

ವಿವರ ಕಲೆಹಾಕಲು ಅವಳ ಮನೆಗೆ ಹೋಗಿದ್ದೆ. ಊಟಕ್ಕೆ ಮಣೆ ಹಾಕಿದಳು. ಶನಿವಾರ ಒಪ್ಪತ್ತು ಎಂದೆ.

"ಅವತ್ತು ಮಂಗ್ಳಾರ ಕಣಪ್ಪ. ನಿಮ್ಗೆ ಶನ್ವಾರ ಬೇಗ ಬಂದ್ಬುಡ್ತದಾ?"

ನಾನು ಮಾತು ತಿರುಗಿಸಿದೆ. ಅವಳ ಮುಂದೆ ಮುಕ್ತಾಯಗಳನ್ನು ಹರಡಿದೆ. ಒಂದು: ಹದಿನೇಳನೆಯ ಗುಡ್ಡಕ್ಕೆ ಯಾವುದೋ ದೂರದೇಶದ ಪಟ್ಟಿಯಲ್ಲಿ ಹೆಸರು ಸಿಗುತ್ತದೆ, ಅದು ಬರೀ ಸೊಪ್ಪಿನದು. ಎರಡು: ಚಲುವಯ್ಯ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಬೀಡಿಯಿಂದಲೇ ಕೆಮ್ಮಿದೆ" ಎಂದು ಒಪ್ಪಿಕೊಳ್ಳುತ್ತಾನೆ. ಮೂರು: ಎಲ್ಲವೂ ಕನಸು. (ಮೂರನೆಯದಕ್ಕೆ ನನಗೇ ನಾಚಿಕೆಯಾಯಿತು.)

"ನಂಗ್ಯಾಕಪ್ಪಾ ಇವೆಲ್ಲ? ನಾಟಿಗೆ ಅನ್ನೆರಡಾಳು ಬೇಕು. ಬರ್ದಾಕು."

ಬರೆದೆ. ಹನ್ನೆರಡು ಹೆಂಗಸರು. ಆದರೆ ಅವರ ಕೈಗೆ ಊಟದ ಕ್ಯಾರಿಯರ್ ಕೊಟ್ಟವನು ನಾನಲ್ಲ.

6

ಬೆಳಿಗ್ಗೆ. ಪೈರು ಕಿತ್ತು ಕಟ್ಟು ಕಟ್ಟಿ ಗದ್ದೆಯ ನೀರಿನಲ್ಲಿ ಎಸೆದಾಗಿದೆ. ಹನ್ನೆರಡು ಜನ ಬದುವಿನ ಮೇಲೆ ಸಾಲಾಗಿ ನಿಂತಿದ್ದಾರೆ. ಪುಟ್ಟಲಕ್ಷ್ಮಮ್ಮ ಮುಂದೆ ಬಂದಳು.

"ಬೈರಕ್ಕ, ನೀನ್ ಬಂದಿದ್ದ ಮುಯ್ಯಿ ಇಟ್ಕಳಾಕಿಲ್ಲ ಕಣಕ್ಕ ನಾವು. ಸಂಜೆಗೆ ಮುಗ್ಸ್ಕೊಡ್ತೀವಿ. ಊಟುದ್ ಯೋಚ್ನೆ ಬ್ಯಾಡ. ನಮ್ ನಮ್ಮ ಇಟ್ಟು ನಾವೇ ತಂದಿದ್ದೀವಿ."

ಒಳ್ಳೆಯ ಮಾತೇ. ವ್ಯಂಗ್ಯವಾಗಿ ಹೇಳುತ್ತಿಲ್ಲ. ಪೈರು ಉಳಿಯುತ್ತದೆ, ಯಾರಿಗೂ ಕೆಮ್ಮು ಬರುವುದಿಲ್ಲ, ನನಗೂ ಒಂದು ಮುಕ್ತಾಯ ಸಿಗುತ್ತದೆ. ಒಪ್ಪಿಕೊಳ್ಳಮ್ಮ ಎಂದು ನಾನು ಈ ಸಾಲಿನಲ್ಲೇ ಬೇಡಿಕೊಳ್ಳುತ್ತಿದ್ದೇನೆ.

"ಒಪ್ಕೊ ದೊಡ್ಡವ್ವ," ಎಂದ ಧರ್ಮೇಂದ್ರ. "ಕಿತ್ತಾಕಿರೋ ಪೈರು. ಇವತ್ತು ಬುಟ್ರೆ ಓಯ್ತದೆ."

ಬೈರಮ್ಮ ನೀರಿನಲ್ಲಿದ್ದ ಕಟ್ಟುಗಳನ್ನು ನೋಡಿದಳು. ಆಮೇಲೆ ಕ್ಯಾರಿಯರುಗಳನ್ನು, ಒಂದೊಂದಾಗಿ.

"ಒಲೆ ಮ್ಯಾಲೆ ಸಾರದೆ," ಎಂದಳು. "ಅನ್ನೆರಡಾಳಿಗೆ ಮಾಡಿವ್ನಿ."

ಪುಟ್ಟಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡಳು.

"ಗದ್ದೆಗ್ ಬಂದಿದ್ದೀವಲ್ಲಕ್ಕ. ಅದು ಸಾಲ್ದಾ?"

"ಸಾಲ್ದು. ಇಳೀಬ್ಯಾಡಿ ನನ್ ಗದ್ದೆಗೆ."