ಸುತ್ತು ಹಾಕಿದ ಸಾಲು

ತಮ್ಮ ರಾಜ್ಯಪಾಲನಾದ ದಿನದಿಂದ ಅಣ್ಣನಿಗೆ ಅನ್ನ ಇಳಿಯುತ್ತಿತ್ತು, ಅರಗುತ್ತಿರಲಿಲ್ಲ. ಮೂವತ್ತೈದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತನಾದವನು. ಊರವರ ತಪ್ಪನ್ನೆಲ್ಲ ತಿದ್ದಿದ್ದ; ವಿಧಿ ಮಾಡಿದ ಈ ಒಂದು ತಪ್ಪು ಮಾತ್ರ ಕೈಗೆ ಸಿಕ್ಕಿರಲಿಲ್ಲ.

ಊಟವಾದ ಮೇಲೆ ಎದ್ದು ನಿಂತು, ಗದ್ದ ಎತ್ತಿ, ತಮ್ಮನ ದನಿಯನ್ನು ಮೂಗಿನಲ್ಲೇ ಎಳೆಯುತ್ತಿದ್ದ: "ನನ್ನ ಸರ್ಕಾರವು... ನನ್ನ ಸರ್ಕಾರವು..."

"ನಿಮ್ಮ ಸರ್ಕಾರ ಮೊದಲು ತಟ್ಟೆ ತೊಳೀಲಿ," ಎಂದಳು ಹೆಂಡತಿ. "ಮೈದುನ ಮೆಟ್ಟಿಲು ಹತ್ತಿದ್ರೆ ನಿಮಗ್ಯಾಕೆ ಏದುಸಿರು?"

"ಹತ್ತಿದ್ದು ಯಾರ ಹೆಗಲ ಮೇಲೆ ಕಾಲಿಟ್ಟು? ಕಾಲೇಜಲ್ಲಿ ಅವನಿಗೆ ಬಹುಮಾನ ತಂದ ಭಾಷಣ ನಾನು ಬರೆದದ್ದು. ಅದರಿಂದ ಹೆಸರು, ಹೆಸರಿನಿಂದ ಚುನಾವಣೆ, ಮಂತ್ರಿಗಿರಿ, ಈಗ ಆ ಬಿಳಿ ಬಂಗಲೆ. ಒಂದು ಸಲವಾದ್ರೂ ಬಾಯಿಬಿಟ್ಟನಾ?"

ಅವನಿಗೆ ಬೇಕಾದದ್ದು ಅಷ್ಟೇ. ಒಂದು ಸಲ, ನಾಲ್ಕು ಜನರ ಮುಂದೆ.

ಅಷ್ಟರಲ್ಲಿ ತಮ್ಮನೇ ಫೋನ್ ಮಾಡಿದ. "ಅಣ್ಣಾ, ಪದವಿ ಪ್ರದಾನದ ಭಾಷಣ ಕಳಿಸ್ತಿದೀನಿ, ಸ್ವಲ್ಪ ಕಣ್ಣಾಡಿಸು. ನಿನ್ನ ಕಣ್ಣಿಗೆ ಬಿದ್ದ ತಪ್ಪು ಬದುಕಲ್ಲ. ಅತ್ತಿಗೇನ ಕರ್ಕೊಂಡು ಸಮಾರಂಭಕ್ಕೂ ಬಾ."

ಮೂರನೆಯ ಪುಟದಲ್ಲಿ ಕೆಂಪು ಪೆನ್ನು ನಿಂತುಬಿಟ್ಟಿತು. 'ಏಣಿ ಹತ್ತಿದವನನ್ನು ಊರೆಲ್ಲ ನೋಡುತ್ತದೆ. ಏಣಿ ಹಿಡಿದವನನ್ನು ಯಾರೂ ಕೇಳುವುದಿಲ್ಲ.' ಆ ಹಳೆಯ ಭಾಷಣದ ಸಾಲು, ಅಕ್ಷರ ಬಿಡದೆ. ಅವನು ತಮ್ಮನ ದನಿಯಲ್ಲೇ ಗೊಣಗುತ್ತ ಅಂಚಿನಲ್ಲಿ ಬರೆದ: 'ಈ ಮಾತು ನನ್ನದಲ್ಲ, ನನ್ನ ಅಣ್ಣನದು. ನನ್ನ ಮೊದಲ ಭಾಷಣವನ್ನೂ ಅವನೇ ಬರೆದದ್ದು.' ಬರೆದು ಸುತ್ತು ಹಾಕಿದ. ಮುದ್ರಣಾಲಯದಲ್ಲಿ ಸುತ್ತು ಹಾಕಿದ್ದನ್ನು ಯಾರೂ ಅಚ್ಚಿಗೆ ತೆಗೆದುಕೊಳ್ಳುವುದಿಲ್ಲ. ಅದು ಮೂಲ ಲೇಖಕನ ಕಣ್ಣಿಗಷ್ಟೇ. ತಮ್ಮ ಓದಲಿ, ಚುಚ್ಚಿಸಿಕೊಳ್ಳಲಿ.

ಬಿಳಿ ಬಂಗಲೆಯ ಟೈಪಿಸ್ಟ್‌ಗೆ ಈ ಸಂಪ್ರದಾಯ ಗೊತ್ತಿರಲಿಲ್ಲ. ಕೆಂಪಗೆ ಕಂಡದ್ದನ್ನೆಲ್ಲ ಭಾಷಣದೊಳಕ್ಕೆ ಸೇರಿಸಿದಳು. ರಾಜ್ಯಪಾಲನಿಗೋ, ಕೊಟ್ಟದ್ದನ್ನು ಅಲ್ಪವಿರಾಮ ಬಿಡದೆ ಓದುವುದೇ ಉದ್ಯೋಗ.

ಸಮಾರಂಭದ ದಿನ ಮೂರನೆಯ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತಿದ್ದ ಅಣ್ಣನ ಕಿವಿಗೆ ತನ್ನದೇ ಮಾತು ಮೈಕಿನಿಂದ ಬಂದು ಬಡಿಯಿತು. "...ನನ್ನದಲ್ಲ, ನನ್ನ ಅಣ್ಣನದು." ವೇದಿಕೆಯ ಮೇಲೆ ತಮ್ಮ ಒಂದು ಕ್ಷಣ ತಡವರಿಸಿದ. ಹಾಳೆ ನೋಡಿದ. ಮುಂದಿನ ಸಾಲನ್ನೂ ನಿಧಾನವಾಗಿ, ಪೂರ್ತಿ ಓದಿದ.

ಸಭಾಂಗಣ ಎದ್ದು ನಿಂತಿತು. ಚಪ್ಪಾಳೆಯೋ ಚಪ್ಪಾಳೆ.

"ಎಂಥಾ ದೊಡ್ಡ ಮನಸ್ಸು," ಎಂದರು ಹಿಂದಿನ ಸಾಲಿನ ಪ್ರೊಫೆಸರ್, ಕಣ್ಣೊರೆಸಿಕೊಳ್ಳುತ್ತ. "ಅಷ್ಟು ಎತ್ತರಕ್ಕೆ ಹೋಗಿ ಯಾರ್ರೀ ಹೀಗೆ ಹೇಳ್ತಾರೆ? ಸ್ವಲ್ಪ ಪಕ್ಕಕ್ಕೆ ವಾಲ್ತೀರಾ, ಅವರು ಕಾಣ್ತಿಲ್ಲ."

ಅಣ್ಣ ಪಕ್ಕಕ್ಕೆ ವಾಲಿದ.

"ಬೇಕಾದದ್ದು ಸಿಕ್ತಲ್ಲ?" ಹೆಂಡತಿ ಮೆಲ್ಲಗೆ ಕೇಳಿದಳು.

"ಸಿಕ್ತು," ಎಂದ, ಹಲ್ಲು ಕಚ್ಚಿ ತಾನೂ ಚಪ್ಪಾಳೆ ತಟ್ಟುತ್ತ. "ಅದನ್ನೂ ಅವನೇ ಹೊಡ್ಕೊಂಡ."